ಗವಾಕ್ಷಿಗೆ ಹೊಡೆದ ಜಾಲರಿ

ನನ್ನ ಗಂಡ ಹಾರ್ಲನ್‌ನನ್ನು ಮಣ್ಣು ಮಾಡಿದ ಮಾರನೆಯ ಬೆಳಿಗ್ಗೆ ಕಸದ ಗಾಡಿ ಎಂದಿನಂತೆ ಬಂತು. ಡಬ್ಬಿಯನ್ನು ರಸ್ತೆಯ ಬದಿಗೆ ಇಡುವುದು ಅವನ ಕೆಲಸವಾಗಿತ್ತು. ಗಾಡಿಯ ಸದ್ದು ಕೇಳಿದ ಮೇಲೆ ನನಗೆ ಅದು ನೆನಪಾಯಿತು. ಕೋಣೆಯ ಬಾಗಿಲಲ್ಲಿ ಅವನ ಬೂಟುಗಳಿಗೆ ಎಡವದಂತೆ ಕಾಲು ಎತ್ತಿ ಹಾಕಿ ಹೊರಗೆ ಓಡಿದೆ. ಬೂಟುಗಳು ಅಲ್ಲಿರಲಿಲ್ಲ. ಅತ್ತೆ ಅವನ್ನು ಆಗಲೇ ಎತ್ತಿಟ್ಟಿದ್ದರು.

ಡಬ್ಬಿ ಎಳೆಯುವಾಗ ಮುಚ್ಚಳ ತೆರೆದುಕೊಂಡಿತು. ಹಂದಿಮಾಂಸದ ಕೊಬ್ಬು, ಹುಳಿಯಾದ ಆಲೂಗೆಡ್ಡೆ, ಕೊಳೆತ ಲಿಲ್ಲಿ ಹೂಗಳು. ಮನೆಗೆ ಬಂದ ಸಂತಾಪವೆಲ್ಲ ಒಂದೇ ಚೀಲದಲ್ಲಿ ನಾರುತ್ತಿತ್ತು. ಗಾಡಿಯವನು ಟೋಪಿ ತೆಗೆದು ಎದೆಗೆ ಹಿಡಿದುಕೊಂಡ. ಅವನ ಕೈಗವಸಿನಿಂದ ಏನೋ ತೊಟ್ಟಿಕ್ಕುತ್ತಿತ್ತು.

ಅಡುಗೆಮನೆಯಲ್ಲಿ ಅತ್ತೆ ವರ್ನಾ ಪಾತ್ರೆ ತೊಳೆಯುತ್ತಿದ್ದರು. ಕೆಂಟಕಿಯ ನಮ್ಮ ಈ ಕಣಿವೆಯಲ್ಲಿ ಸಾವಿನ ಮನೆಗೆ ಅಡುಗೆ ತರುವವರು ಪಾತ್ರೆಯ ತಳಕ್ಕೆ ಟೇಪು ಅಂಟಿಸಿ ಹೆಸರು ಬರೆದಿರುತ್ತಾರೆ. ಪಾತ್ರೆ ಹಿಂದಿರುಗಿಸುವಾಗ ಖಾಲಿ ಕೊಡಬಾರದು. ನಾಲ್ಕು ಟೊಮೆಟೊ ಆದರೂ ಇಟ್ಟು ಕೊಡಬೇಕು.

ಅತ್ತೆ ಒಂದೊಂದೇ ಪಾತ್ರೆ ಮಗುಚಿ ನೋಡುತ್ತಿದ್ದರು. “ಈ ಬೀನ್ಸ್ ಯಾರ್ದು ಅಂತ ಟೇಪು ನೋಡ್ದೇನೇ ಹೇಳ್ತೀನಿ. ಉಪ್ಪಿಲ್ಲ, ಖಾರ ಇಲ್ಲ. ಇದನ್ನ ತಿಂದ್ಕೊಂಡು ಅವಳ ಗಂಡ ಇನ್ನೂ ಬದುಕಿದಾನಲ್ಲ, ಅದೇ ಹೆಚ್ಚು.”

ಹೇಳಿದ ಮೇಲೆ ಸೋಪು ಹತ್ತಿದ ಕೈಯನ್ನೇ ಬಾಯಿಗೆ ಮುಚ್ಚಿಕೊಂಡರು. ಆ ನೊರೆಯ ಹಿಂದೆ ಅವರು ಅಳುತ್ತಿದ್ದರೋ ನಗುತ್ತಿದ್ದರೋ ತಿಳಿಯಲಿಲ್ಲ. ನನಗೆ ಎರಡೂ ಬರಲಿಲ್ಲ. ನಾನು ಕಿಟಕಿಯ ಕಟ್ಟೆ ಒರೆಸಿದೆ.

ಕಿಟಕಿಯ ಕಟ್ಟೆಯ ಮೇಲೆ ಪ್ರತಿ ಬೆಳಿಗ್ಗೆ ಬಾವಲಿಯ ಹಿಕ್ಕೆ ಬಿದ್ದಿರುತ್ತಿತ್ತು. ಇಲಿಯ ಹಿಕ್ಕೆಯಂತೆಯೇ ಕಾಣುತ್ತದೆ, ಆದರೆ ಒತ್ತಿದರೆ ಪುಡಿಯಾಗುತ್ತದೆ, ಪುಡಿಯಲ್ಲಿ ಹುಳುಗಳ ರೆಕ್ಕೆಚೂರು ಮಿಂಚುತ್ತದೆ. ನಮ್ಮ ಅಟ್ಟದಲ್ಲಿ ಬಾವಲಿಗಳ ದೊಡ್ಡ ಸಂಸಾರವಿತ್ತು. ನಾವು ಈ ಮನೆಗೆ ಬರುವ ಮೊದಲೇ ಅವು ಬಂದಿದ್ದವು. ಬೇಸಿಗೆಯಲ್ಲಿ ಮಹಡಿ ಮೆಟ್ಟಿಲ ಮೇಲಿನ ಚಾವಣಿಯಲ್ಲಿ ಕಂದು ಕಲೆ ಹರಡಿಕೊಳ್ಳುತ್ತಿತ್ತು. ಅವುಗಳ ಮೈಯ ತಿಗಣೆಗಳು ಒಮ್ಮೊಮ್ಮೆ ನನ್ನ ದಿಂಬಿನ ಮೇಲೆ ನಡೆಯುತ್ತಿದ್ದವು. ವಾಸನೆಯ ಬಗ್ಗೆ ಹೇಳುವುದಾದರೆ, ನಾನು ಓದಿದ್ದು ರಸಾಯನಶಾಸ್ತ್ರ, ಕೆಲಸ ಕೌಂಟಿಯ ನೀರು ಪರೀಕ್ಷಿಸುವುದು. ಅಮೋನಿಯಾ ಎಂದು ಅದಕ್ಕೆ ಹೆಸರಿಡಬಲ್ಲೆ. ಹೆಸರಿಟ್ಟರೆ ನಾತ ಕಡಿಮೆಯಾಗುವುದಿಲ್ಲ.

ಹಾರ್ಲನ್ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ. ಬಾವಲಿ ಅವನ ಹುಚ್ಚು. “ಅವು ಮನೆ ಮಾಲೀಕರು ಕಣೇ ಕೊರಿನ್, ನಾವು ಬಾಡಿಗೆಯವರು,” ಎನ್ನುತ್ತಿದ್ದ. ಅಟ್ಟದ ತ್ರಿಕೋನ ಗೋಡೆಯಲ್ಲಿ ಗಾಳಿಗೆಂದು ಬಿಟ್ಟ ಗವಾಕ್ಷಿಯೊಂದಿದೆ. ಅದರ ಮರದ ಪಟ್ಟಿಗಳು ಮುರಿದಿದ್ದವು. ಅದೇ ಅವುಗಳ ಬಾಗಿಲು. ಅದನ್ನು ಮುಚ್ಚಿಸು ಎಂದು ನಾನು ಪ್ರತಿ ವರ್ಷ ಜಗಳವಾಡಿದ್ದೇನೆ. ಅವನು ಪ್ರತಿ ವರ್ಷ ನಗುತ್ತ ತಪ್ಪಿಸಿಕೊಂಡಿದ್ದಾನೆ. ಕೊನೆಗೆ ಇಳಿಜಾರಿನಲ್ಲಿ ಟ್ರ್ಯಾಕ್ಟರ್ ಮಗುಚಿ ಬಿತ್ತು. ಜಗಳ ಅಲ್ಲಿಗೆ ನಿಂತಿತು.

“ಇದ್ಯಾರ ಮನೆ ಅಡುಗೆ?” ಎಂದರು ಅತ್ತೆ.

ಫ್ರಿಜ್ಜಿನ ಮೇಲಿದ್ದ ಕಪ್ಪು ಡಬ್ಬಿಯೊಂದನ್ನು ಮಗುಚಿ ನೋಡುತ್ತಿದ್ದರು. ಅದರ ಬೆನ್ನಿಗೂ ಟೇಪಿತ್ತು: ಯೂಲೀನ್ ಪ್ಲಮ್ಲಿ.

ಮಿಸ್ ಯೂಲೀನ್ ಗುಡ್ಡದ ಮೇಲಿನ ಮನೆಯ ನಿವೃತ್ತ ಟೀಚರು. ಹಾರ್ಲನ್‌ಗೆ ಜೀವಶಾಸ್ತ್ರ ಕಲಿಸಿದವರು. ಡಬ್ಬಿ ಬಾವಲಿಯ ಕೂಗು ಕೇಳುವ ಯಂತ್ರ. ಹೋದ ಬೇಸಿಗೆಯಲ್ಲಿ ಅವನು ಅದನ್ನು ಅವರಿಂದ ಎರವಲು ತಂದಿದ್ದ.

“ಇದನ್ನ ಮೊದ್ಲು ಕೊಟ್ಟು ಬಾ,” ಎಂದರು ಅತ್ತೆ. “ಸತ್ತೋನ ತಲೆ ಮೇಲೆ ಇನ್ನೊಬ್ಬರ ಸಾಮಾನು ಇರಬಾರ್ದು.”

ಗುಂಡಿ ಒತ್ತಿದೆ. ಯಂತ್ರ ಬಾಯಿ ಬಿಡಲಿಲ್ಲ. ಬ್ಯಾಟರಿ ಸತ್ತಿತ್ತು. ಖಾಲಿ ಪಾತ್ರೆ ಕೊಡಬಾರದಲ್ಲ. ಡ್ರಾಯರಿನಿಂದ ಹೊಸ ಬ್ಯಾಟರಿ ತೆಗೆದು ಹಾಕಿ ಮೇಜಿನ ಮೇಲಿಟ್ಟೆ.

ಆ ಯಂತ್ರದ ಸದ್ದು ನನಗೆ ಹೊಸದಲ್ಲ. ಸಂಜೆ ಊಟದ ಹೊತ್ತಿಗೆ ಹಾರ್ಲನ್ ಅದನ್ನು ಕಿಟಕಿಯಲ್ಲಿಟ್ಟು ಕೂರುತ್ತಿದ್ದ. ಬಾವಲಿ ಬಾಯಿ ತೆರೆದು ಕಿರುಚುತ್ತಲೇ ಹಾರುತ್ತದೆ. ನಮ್ಮ ಕಿವಿಗೆ ನಿಲುಕದಷ್ಟು ಮೇಲಿನ ಸ್ವರ ಅದು. ನಿಲುಕುವಂತಿದ್ದರೆ ಬೆಂಕಿಯ ಎಚ್ಚರಿಕೆ ಗಂಟೆಯನ್ನು ಮೂಗಿನ ಮುಂದೆ ಬಾರಿಸಿದಷ್ಟು ಜೋರು. ತನ್ನ ಕೂಗಿಗೆ ತಾನೇ ಕಿವುಡಾಗದಿರಲು ಅದು ಪ್ರತಿ ಸಲ ಕೂಗುವ ಮುಂಚೆ ಕಿವಿಯೊಳಗಿನ ಸಣ್ಣ ಸ್ನಾಯುವನ್ನು ಬಿಗಿಹಿಡಿಯುತ್ತದಂತೆ, ಕೂಗಿದ ಮೇಲೆ ಸಡಿಲಿಸುತ್ತದಂತೆ. ಆಮೇಲೆ ಮಾರ್ದನಿಗೆ ಕಾಯುತ್ತದೆ. ಮಾರ್ದನಿ ಬೇಗ ಬಂದರೆ ವಸ್ತು ಹತ್ತಿರ, ತಡವಾದರೆ ದೂರ. ಯಂತ್ರದಲ್ಲಿ ಇದೆಲ್ಲ ಒದ್ದೆ ಚಪ್ಪಲಿಯ ತಟ್ಟುಗಳಂತೆ ಕೇಳುತ್ತದೆ. ತಟ್, ತಟ್, ತಟ್. ಹುಳು ಸಿಕ್ಕಿತೆಂದರೆ ತಟ್ಟುಗಳು ಅವಸರಪಟ್ಟು ಒಂದಕ್ಕೊಂದು ಅಂಟಿ, ಯಾರೋ ಎರಡು ತುಟಿ ಕೂಡಿಸಿ ಪುರ್ರೆಂದು ಉಗುಳಿದ ಹಾಗೆ ಮುಗಿಯುತ್ತವೆ. ಆ ಸದ್ದು ಬಂದರೆ ಹಾರ್ಲನ್ ಚಮಚ ಎತ್ತಿ ಹಿಡಿಯುತ್ತಿದ್ದ. “ಕೇಳಿದ್ಯಾ? ಒಂದು ಜೀರುಂಡೆ ಹೋಯ್ತು!”

“ಕೈ ತೊಳ್ಕೊಂಡ್ಯಾ ನೀನು?” ಎಂದು ಕೇಳುತ್ತಿದ್ದೆ ನಾನು.

ಮಧ್ಯಾಹ್ನ ಚರ್ಚಿನ ಗಂಡಸರು ಬಂದರು. ಮಣ್ಣಾದ ಮೇಲೆ ಒಂದು ದಿನ ಬಂದು ಹುಲ್ಲು ಕತ್ತರಿಸಿ, ಮುರಿದದ್ದು ಸರಿಮಾಡಿ ಹೋಗುವುದು ಇಲ್ಲಿಯ ರೂಢಿ. ಮುಂದಾಳು ಬ್ರದರ್ ಎಸ್ಟಿಲ್. ಚಾವಣಿ ಹೊದಿಸುವುದು ಅವರ ಕಸುಬು. ಕತ್ತಿನ ಮೇಲೆ ಕೆಂಪು ಮಡಿಕೆಗಳಿರುವ ದೊಡ್ಡ ಮನುಷ್ಯ. ಶವಪೆಟ್ಟಿಗೆ ಹೊತ್ತವರಲ್ಲಿ ಒಬ್ಬರು.

“ತಂಗೀ, ಹೇಳಮ್ಮ. ಏನ್ ಮಾಡ್ಬೇಕು? ಹೂ ಇಟ್ಟು ಹೋಗೋ ಜನ ಅಲ್ಲ ನಾವು,” ಎಂದರು.

“ಮೇಲಿನ ಮಾಲೀಕರನ್ನ ಓಡಿಸಿ,” ಎಂದರು ಅತ್ತೆ. “ಉಚ್ಚೆ ವಾಸನೆಗೆ ನನ್ ಸೊಸೆ ತಿನ್ನೋಕಾಗ್ತಿಲ್ಲ.”

ಎಸ್ಟಿಲ್ ನನ್ನ ಮುಖ ನೋಡಿದರು. “ಹಾರ್ಲನ್ ಒಪ್ತಿರ್ಲಿಲ್ಲ.”

“ಹಾರ್ಲನ್ ಇಲ್ಲ,” ಎಂದೆ. “ಮುಚ್ಚಿ.”

ಜೂನ್ ತಿಂಗಳೆಂದು ನನಗೆ ಗೊತ್ತಿತ್ತು. ಶವಸಂಸ್ಕಾರದ ಕಾಗದಗಳ ಮೇಲೆಲ್ಲ ಅದನ್ನೇ ಬರೆದಿದ್ದೆ. ಜೂನ್ ಎಂದರೆ ಅಟ್ಟದಲ್ಲಿ ಏನೆಂದು ಹಾರ್ಲನ್ ಪ್ರತಿ ವರ್ಷ ಹೇಳುತ್ತಿದ್ದ. ಅದು ತಲೆಗೆ ಬರಲಿಲ್ಲ. ಆ ವಾಸನೆ ಇಲ್ಲದ ಮನೆಯಲ್ಲಿ ಒಂದು ರಾತ್ರಿ ಮಲಗಬೇಕು, ನನಗೆ ಬೇಕಿದ್ದದ್ದು ಅಷ್ಟೇ. ಮಲಗಲಾದರೆ ಈ ಮನೆಯಲ್ಲಿ ಉಳಿದೇನು, ಆಗದಿದ್ದರೆ ಮಾರಿ ಹೋಗುತ್ತೇನೆ ಎಂದು ಸ್ಮಶಾನದಿಂದ ಬರುವಾಗಲೇ ತೀರ್ಮಾನಿಸಿದ್ದೆ.

ಎಸ್ಟಿಲ್ ಒಳ್ಳೆಯ ಮನುಷ್ಯ. ಕೆಲಸವನ್ನು ದಯೆಯಿಂದಲೇ ಮಾಡಿದರು. “ಹಗಲು ಮುಚ್ಚಿದ್ರೆ ಒಳಗೇ ಸಾಯ್ತಾವೆ. ಹಾಗೆ ಮಾಡಲ್ಲ. ಸಂಜೆ ಮೇಯೋಕೆ ಹೋಗ್ತಾವಲ್ಲ, ಕೊನೇದು ಹೋಗೋವರೆಗೂ ಕಾಯ್ತೀವಿ. ಆಮೇಲೆ ಮೊಳೆ. ದೇವರು ಮಾಡಿದ ಪ್ರಾಣಿ ತಾನೆ, ಸ್ವಲ್ಪ ವಿಕಾರವಾಗಿ ಮಾಡಿದ್ರೂ.”

ಬಿರುಕುಗಳಿಗೆಲ್ಲ ತಂತಿನಾರು ತುರುಕಿದರು. ಚರ್ಚಿನ ಮಡಚು ಕುರ್ಚಿಗಳನ್ನು ಹುಲ್ಲಿನ ಮೇಲೆ ಸಾಲಾಗಿ ಹಾಕಿ ಕುಳಿತರು. ಬಾಳೆಹಣ್ಣಿನ ಪುಡಿಂಗು ಉಳಿದಿತ್ತು. ಅದನ್ನೇ ತಿನ್ನುತ್ತ ಕಾದರು. ಹೊತ್ತು ಮುಳುಗಿತು. ಗವಾಕ್ಷಿಯಿಂದ ಬಾವಲಿಗಳು ಒಂದೊಂದಾಗಿ ಜಾರಿ, ಬೀಳುವ ಹಾಗೆ ಕೆಳಗಿಳಿದು, ಮೇಲೆದ್ದು ಹೋದವು. ಪ್ರತಿಯೊಂದಕ್ಕೂ ಗಂಡಸರು ತಲೆ ತಗ್ಗಿಸುತ್ತಿದ್ದರು. ಒಬ್ಬರ ಗಡ್ಡದಲ್ಲಿ ಪುಡಿಂಗಿನ ಹಳದಿ ಅಂಟಿತ್ತು. ನನ್ನ ಬಟ್ಟಲನ್ನು ಕುರ್ಚಿಯ ಕೆಳಗೆ ಸರಿಸಿದೆ.

“ಖಾಲಿ,” ಎಂದರು ಎಸ್ಟಿಲ್, ಕೊನೆಗೆ. ಏಣಿ ಹತ್ತಿ ತಂತಿ ಜಾಲರಿ ಹೊಡೆದರು. ಇಳಿದು ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. “ಒಂದು ಹನಿ ರಕ್ತ ಬೀಳಲಿಲ್ಲ ನೋಡು ತಂಗೀ.”

ಅವರ ಅಂಗೈ ಅಂಟಂಟಾಗಿತ್ತು. ಅವರು ಹೋದ ಮೇಲೆ ಬ್ಲೀಚು ಹಾಕಿ ಕೈ ತೊಳೆದೆ, ಮೆಟ್ಟಿಲು ತೊಳೆದೆ, ಮಂಚದ ಕಾಲು ತೊಳೆದೆ. ಮಲಗಿದೆ. ನಿದ್ದೆ ಬಂತು.

ಆಕಾಶ ಬೆಳ್ಳಗಾಗುವ ಹೊತ್ತಿಗೆ ಎಚ್ಚರವಾಯಿತು. ಹೊರಗಿನ ಗೋಡೆಗೆ ಯಾರೋ ಒದ್ದೆ ಕೈಗವಸು ಎಸೆಯುತ್ತಿದ್ದ ಹಾಗೆ ಸದ್ದು. ಸ್ವಲ್ಪ ಬಿಟ್ಟು ಮತ್ತೆ. ಅಡುಗೆಮನೆಯ ಮೂಲಕ ಹೊರಗೆ ಹೋಗುವಾಗ ಮೇಜಿನ ಮೇಲಿನ ಡಬ್ಬಿ ಕೈಗೆ ಬಂತು. ಏಕೆ ತೆಗೆದುಕೊಂಡೆನೋ ಹೇಳಲಾರೆ. ಹೋದ ಬೇಸಿಗೆಯಿಡೀ ಅವನು ಕತ್ತಲಲ್ಲಿ ಆ ಬಾಗಿಲಿನಿಂದ ಅದಿಲ್ಲದೆ ಹೊರಗೆ ಹೋದದ್ದನ್ನು ನಾನು ನೋಡಿರಲಿಲ್ಲ.

ಬಾವಲಿಗಳು ಹಿಂದಿರುಗುತ್ತಿದ್ದವು. ಓಕ್ ಮರದ ಪಕ್ಕದಿಂದ ತಿರುಗಿ, ಚಿಮಣಿಯ ಅಂಚು ಸವರಿ, ನೇರ ಗವಾಕ್ಷಿಗೆ. ಅಲ್ಲಿ ಜಾಲರಿ. ಬಡಿದು, ಒಂದು ಕ್ಷಣ ಅಂಟಿಕೊಂಡು, ಜಾರಿ ವರಾಂಡದ ತಗಡಿನ ಮೇಲೆ ಬೀಳುತ್ತಿದ್ದವು. ತಗಡಿನ ಮೇಲೆ ಮೊಣಕೈ ಊರಿ ತೆವಳುವಾಗ ಮುದುಕರು ಹಾಸಿಗೆಯಲ್ಲಿ ಹೊರಳಲು ಹೆಣಗುವಂತೆ ಕಾಣುತ್ತಿದ್ದವು. ಬಾಯಿ ತೆರೆದೇ ಇತ್ತು. ಚೂಪು ಹಲ್ಲು, ಕಪ್ಪು ತುಟಿ, ಚರ್ಮದಂಥ ಕಿವಿ.

ಯಂತ್ರದ ಗುಂಡಿ ಒತ್ತಿದೆ.

ತಟ್, ತಟ್, ತಟ್. ಒಂದು ಬಾವಲಿ ಮರ ಬಳಸಿ ಬಂತು. ಜಾಲರಿ ಹತ್ತಿರವಾಯಿತು. ಈಗ ತಟ್ಟುಗಳು ಅವಸರಪಡಬೇಕು ಎಂದು ಕಾದೆ. ಅಂಗಳದಲ್ಲಿ ಸೊಳ್ಳೆಯಷ್ಟು ಹುಳುವನ್ನು ಕೇಳಿ ಹಿಡಿಯುವ ಪ್ರಾಣಿ ಇದು. ಅವಸರವೇ ಇಲ್ಲ. ಅದೇ ನಡಿಗೆ, ಮನೆಗೆ ಬರುವವರ ನಡಿಗೆ. ತಟ್, ತಟ್, ಆಮೇಲೆ ಪಟ್ಟೆಂದು ತಂತಿಗೆ.

ಇದನ್ನೂ ಹಾರ್ಲನ್ ಹೇಳಿದ್ದ. ಗೊತ್ತಿರುವ ಜಾಗದಲ್ಲಿ ಬಾವಲಿ ನೆನಪಿನಿಂದ ಹಾರುತ್ತದೆ. ಕೂಗುತ್ತದೆ, ಮಾರ್ದನಿ ಬರುತ್ತದೆ, ಕಿವಿಯ ಮೇಲೆ ಹಾಕಿಕೊಳ್ಳುವುದಿಲ್ಲ. ನಿನ್ನೆ ಇಲ್ಲದ ಅಡ್ಡಿ ಇವತ್ತಿದ್ದರೆ ಹೋಗಿ ಬಡಿಯುತ್ತದೆ. ನಾನು ನಂಬಿರಲಿಲ್ಲ. “ಕತ್ತಲಲ್ಲಿ ಬಚ್ಚಲಿಗೆ ಹೋಗ್ವಾಗ ಕಣ್ಣು ತೆರ್ಕೊಂಡೇ ಹೋಗ್ತೀಯ,” ಎಂದಿದ್ದ. “ನೋಡ್ತೀಯಾ? ಇಲ್ಲ. ಗೊತ್ತಿರುತ್ತೆ, ಹೋಗ್ತೀಯ. ಹಾಗೇ ಅದೂ.”

ಒಮ್ಮೆ ಬಡಿದದ್ದು ಮತ್ತೆ ಬಡಿಯಲಿಲ್ಲ. ಮೇಲೆದ್ದು ಜಾಲರಿಯ ಮುಂದೆ ಸುತ್ತಿತು. ಆಗ ತಟ್ಟುಗಳು ದಟ್ಟವಾದವು. ತಂತಿಯನ್ನು ಅಂಗುಲ ಅಂಗುಲವಾಗಿ ಕೇಳಿ ನೋಡುತ್ತಿತ್ತು. ಆದರೂ ಅಲ್ಲಿಂದ ಹೋಗಲಿಲ್ಲ. ಒಂದೂ ಹೋಗಲಿಲ್ಲ. ಬೆಳಕಾಗುತ್ತಿತ್ತು. ಬಾವಲಿ ಬೆಳಕಿನಲ್ಲಿ ಹೊರಗಿರುವುದಿಲ್ಲ. ಕಾಡಿನಲ್ಲಿ ಬೇಕಾದಷ್ಟು ಪೊಟರೆಗಳಿದ್ದವು.

ಯಾವ ಸ್ವರ ಕೇಳಬೇಕೆಂದು ಆರಿಸುವ ತಿರುಗಣೆಯನ್ನು ಸುಮ್ಮನೆ ಕೆಳಗಿನ ಸ್ವರಕ್ಕೆ ತಿರುಗಿಸಿದೆ. ತಟ್ಟುಗಳು ಮಸುಕಾದವು. ಅವುಗಳ ಹಿಂದಿನಿಂದ ಇನ್ನೊಂದು ಸದ್ದು ಬಂತು. ಉದ್ದ, ಸಣ್ಣ, ತುದಿಯಲ್ಲಿ ಬಾಗುವ ಸದ್ದು. ಒಂದಲ್ಲ, ಬಹಳ. ಡಬ್ಬಿಯನ್ನು ಅಂಗಳದ ಕಡೆ ಹಿಡಿದರೆ ಕಡಿಮೆಯಾಗುತ್ತಿತ್ತು. ಗವಾಕ್ಷಿಯ ಕಡೆ ಹಿಡಿದರೆ ಹೆಚ್ಚುತ್ತಿತ್ತು.

ಆಗ ಜೂನ್ ಎಂದರೆ ಏನೆಂದು ನೆನಪಾಯಿತು. ಹಾರಲು ಬಾರದ ಮರಿಗಳು. ನೂರು ಮರಿ ಒಟ್ಟಿಗೆ ಕೂಗಿದರೂ ತಾಯಿ ತನ್ನದರ ದನಿ ಹಿಡಿದು ಹೋಗುತ್ತದೆ, ಹತ್ತಿರ ಹೋಗಿ ಮೂಸಿ ಖಾತ್ರಿ ಮಾಡಿಕೊಳ್ಳುತ್ತದೆ. ಗಂಡಸರು ಕೊನೆಯದು ಹೋಗುವವರೆಗೆ ಕಾದಿದ್ದರು. ಹೋಗಲು ಬರುವಂಥವು ಹೋಗಿದ್ದವು.

ಹುಲ್ಲಿನ ಮೇಲೆಯೇ ವಾಂತಿ ಮಾಡಿದೆ. ಬಂದದ್ದು ಬರೀ ಹಳದಿ ನೀರು. ನನಗೆ ಆ ಪ್ರಾಣಿಗಳ ಮೇಲೆ ಕರುಣೆ ಬಂತೆಂದು ಯಾರೂ ತಿಳಿಯಬಾರದು. ಅಸಹ್ಯವಾಯಿತು. ಆ ಸದ್ದು, ಜಾಲರಿ, ಪುಡಿಂಗು, ನನ್ನ ಒಂದು ರಾತ್ರಿಯ ನಿದ್ದೆ, ಎಲ್ಲದರ ಮೇಲೂ.

ಅಟ್ಟಕ್ಕೆ ಹೋಗುವಾಗ ಹಾರ್ಲನ್ ಮುಖಕ್ಕೆ ಹಾಕುತ್ತಿದ್ದ ರಬ್ಬರಿನ ಮುಖವಾಡ ಮೆಟ್ಟಿಲ ಕೆಳಗಿನ ಮೊಳೆಯಲ್ಲಿತ್ತು. ಹಾಕಿಕೊಂಡೆ. ಒಳಗೆ ಅವನ ಉಸಿರಿನ ವಾಸನೆ ಇತ್ತು. ಕಾಫಿ, ಪುದೀನದ ಮಿಠಾಯಿ, ಹಳಸಿದ ಎಂಜಲು. ತೆಗೆದು ಎಸೆಯಬೇಕೆನ್ನಿಸಿತು. ತೆಗೆಯಲಿಲ್ಲ. ಪಾತ್ರೆ ತೊಳೆಯುವ ಕೈಗವಸು ತೊಟ್ಟು, ಸುತ್ತಿಗೆ ಹಿಡಿದು ಹತ್ತಿದೆ.

ಅಟ್ಟದಲ್ಲಿ ಮೊಣಕಾಲೂರಿಯೇ ಹೋಗಬೇಕು. ಹಿಕ್ಕೆ ಮೆತ್ತಗೆ, ಬೆಚ್ಚಗೆ, ಮೊಣಕಾಲು ಮುಳುಗುವಷ್ಟಿತ್ತು. ಅದರೊಳಗೆ ಏನೇನೋ ಹರಿದಾಡುತ್ತಿತ್ತು. ಮರಿಗಳು ತೊಲೆಗಳಿಗೆ ಗುಂಪಾಗಿ ಜೋತಿದ್ದವು. ಹಸಿವಿಗೆ ಕೆಲವು ಕೆಳಗೆ ತೆವಳಿ ಬಂದಿದ್ದವು. ಕೂದಲು ಸರಿಯಾಗಿ ಬಾರದ, ಸುಕ್ಕುಗಟ್ಟಿದ, ಹೆಬ್ಬೆರಳಿನಂಥ ದೇಹಗಳು. ಕೆಳಗೆ ಬಿದ್ದವುಗಳಲ್ಲಿ ಅಲ್ಲಾಡದವೂ ಇದ್ದವು. ಅವುಗಳಿಗೆ ಆಗಲೇ ಜೀರುಂಡೆ ಮುತ್ತಿದ್ದವು. ಒಂದು ಮರಿ ನನ್ನ ತೋಳಿಗೆ ಹತ್ತಿಕೊಂಡು ಬಟ್ಟೆಯನ್ನು ಬಾಯಲ್ಲಿ ಹುಡುಕಿತು. ಮೊಲೆ ಹುಡುಕುತ್ತಿತ್ತು. ಕಿತ್ತು ತೊಲೆಗೆ ಅಂಟಿಸಿದೆ. ಕಿರುಚಿತು. ಯಂತ್ರವಿಲ್ಲದೆಯೇ ಕೇಳಿಸಿತು.

ಸುತ್ತಿಗೆಯಿಂದ ಹೊಡೆದೆ. ಎಸ್ಟಿಲ್ ಮೊಳೆ ಹೊಡೆದರೆ ಅದು ಗಟ್ಟಿಯೇ. ಅಂಗಾತ ಮಲಗಿ ಎರಡೂ ಹಿಮ್ಮಡಿಯಿಂದ ಒದ್ದೆ. ಕೂದಲಿಗೆ ಹಿಕ್ಕೆ ಮೆತ್ತಿತು. ಒದ್ದೆ, ಒದ್ದೆ. ಜಾಲರಿಯ ಒಂದು ಮೂಲೆ ಕಿತ್ತು ಹೊರಕ್ಕೆ ಮಗುಚಿತು.

ಅವು ಒಳಗೆ ಬಂದವು. ಆ ಕಿರಿದಾದ ಜಾಗದಲ್ಲಿ ನನ್ನ ಮುಖದ ಮೇಲೆ, ಕಿವಿಯ ಪಕ್ಕ, ಎತ್ತಿದ ಮೊಣಕಾಲುಗಳ ನಡುವೆ. ಕೆನ್ನೆಗೆ ಗಾಳಿ ಬಡಿಯಿತು. ಒಂದೂ ತಾಗಲಿಲ್ಲ. ನಾನು ಅಲ್ಲಿ ಹೊಸಬಳು. ನನ್ನನ್ನು ಕೇಳಿಸಿಕೊಂಡು, ಎಷ್ಟು ಬೇಕೋ ಅಷ್ಟೇ ಓರೆಯಾಗಿ ದಾಟಿದವು.

“ಏನೇ ಮಾಡ್ತಿದೀಯ ಅಲ್ಲಿ?” ಕೆಳಗಿನಿಂದ ಅತ್ತೆಯ ಕೂಗು. “ಅವನ ಹುಚ್ಚು ನಿನಗೂ ಹಿಡೀತಾ?”

ಮುಖವಾಡ ಸರಿಸಿ ಹೇಳಿದೆ, “ಮರಿಗಳಿವೆ ಅತ್ತೆ.”

ಕೆಳಗೆ ಮೆಟ್ಟಿಲು ಕಿರುಗುಟ್ಟಿತು. ಹೋದರೇನೋ ಅಂದುಕೊಂಡೆ.

“ತಾಯಂದಿರು ಹೊರಗಿದ್ವಾ?” ಎಂದರು.

“ಹೂಂ.”

“ರಾತ್ರಿಯೆಲ್ಲಾ?”

“ಹೂಂ.”

ಮಗನನ್ನು ಹೂತು ಎರಡು ರಾತ್ರಿ ಕಳೆದ ಹೆಂಗಸು. “ಕೆಳಗೆ ಬಾ,” ಎಂದರು ಆಮೇಲೆ. “ಬಂದು ಮೈ ತೊಳ್ಕೋ. ಇಲ್ಲಿವರೆಗೂ ನಾರ್ತಿದೀಯ.”

ಎಸ್ಟಿಲ್‌ಗೆ ಫೋನು ಮಾಡಿದ್ದು ಅತ್ತೆಯೇ. ಅವರು ಬಂದಾಗ ನಾನು ಮೂರನೆಯ ಸಲ ತಲೆ ತೊಳೆದು ವರಾಂಡದಲ್ಲಿ ಕುಳಿತಿದ್ದೆ. ಎಸ್ಟಿಲ್ ಜೋತು ಬಿದ್ದ ಜಾಲರಿಯನ್ನೂ ತಗಡಿನ ಮೇಲೆ ಉಳಿದಿದ್ದ ಸತ್ತ ಬಾವಲಿಗಳನ್ನೂ ನೋಡಿದರು. ಕತ್ತಿನ ಮಡಿಕೆಗಳು ಇನ್ನಷ್ಟು ಕೆಂಪಾದವು.

“ನಾವು ಕಾದ್ವಲ್ಲಮ್ಮ. ಕೊನೇದು ಹೋಗೋವರೆಗೂ ಕಾದ್ವಿ.”

“ಕಾದಿರಿ. ನಾನೂ ಜೊತೆಗಿದ್ದೆ.”

“ಒಂದನ್ನೂ ಕೊಲ್ಲಬಾರ್ದು ಅಂತಾನೇ...”

“ಸಾಕು ಬಿಡು ಎಸ್ಟಿಲ್,” ಎಂದರು ಅತ್ತೆ. “ಏಣಿ ಹಾಕಿ ಅವನ್ನ ಕೆಳಗೆ ತೆಗಿ. ಊಟ ಮಾಡೋ ಜಾಗದ ಮೇಲೆ ಹೆಣ ಇಟ್ಕೊಂಡು ಮಾತಾಡ್ತೀಯಲ್ಲ.”

ಎಸ್ಟಿಲ್ ಸಲಿಕೆಯಿಂದ ಒಂದೊಂದೇ ತೆಗೆದು, ಟೋಪಿ ತೆಗೆದಿಟ್ಟು, ಓಕ್ ಮರದ ಕೆಳಗೆ ಹೂತರು. ಹೋಗುವಾಗ ನನ್ನ ಕೈ ಹಿಡಿಯಲು ಬರಲಿಲ್ಲ. “ಆಗಸ್ಟ್‌ನಲ್ಲಿ ಮರಿ ಹಾರ್ತಾವಂತೆ,” ಎಂದರು ನೆಲ ನೋಡುತ್ತ. “ಆಗ ಬಂದು ಮುಚ್ಚಲಾ?”

“ಬನ್ನಿ,” ಎಂದೆ. “ಮರೀಬೇಡಿ.”

ಮಧ್ಯಾಹ್ನ ಡಬ್ಬಿ ತೆಗೆದುಕೊಂಡು ಗುಡ್ಡ ಹತ್ತಿದೆ. ಮಿಸ್ ಯೂಲೀನ್ ಟೊಮೆಟೊ ಗಿಡಗಳಿಗೆ ಕೋಲು ಕಟ್ಟುತ್ತಿದ್ದರು. ನನ್ನನ್ನು ನೋಡಿ ಮಣ್ಣು ಕೈಯಲ್ಲೇ ಬಂದರು.

“ಅವಸರ ಏನಿತ್ತಮ್ಮ? ನನ್ ಕಿವಿಗೆ ಈಗ ಗಂಡಸರು ಮಾತಾಡೋದೇ ಸರಿಯಾಗಿ ಕೇಳ್ಸಲ್ಲ. ಅದೇನ್ ನಷ್ಟ ಅಲ್ಲ ಬಿಡು.”

ನಡೆದದ್ದನ್ನು ಹೇಳಿದೆ. ಅವರು ಮೆಟ್ಟಿಲ ಮೇಲೆ ಕುಳಿತು ನನ್ನ ತುಟಿ ನೋಡುತ್ತ ಕೇಳಿದರು.

“ಮರಿ ಉಳಿದ್ವಾ?”

“ಹೆಚ್ಚಿನವು.”

“ಹಾಗಾದ್ರೆ ಇದನ್ನ ಇಟ್ಕೋ. ಮರಿಗಳು ಸರಿಹೋದ್ವಾ ಅಂತ ದಿನಾ ಕೇಳ್ಬೋದು. ಹಾರೋವಾಗ ಅವುಗಳ ಕೂಗು ಬದಲಾಗುತ್ತೆ, ಅಮ್ಮನ್ನ ಕರೆಯೋ ಕೂಗೇ ತಟ್ಟಾಗುತ್ತೆ. ಹಾರ್ಲನ್ ಅದನ್ನ ಕೇಳ್ಬೇಕು ಅಂತಾನೇ ಒಯ್ದಿದ್ದ. ಹೋದ ಬೇಸಿಗೇಲಿ ತಪ್ಪಿಹೋಯ್ತು ಅವನಿಗೆ.”

“ಬೇಡ ಮಿಸ್ ಯೂಲೀನ್.”

“ನೀನು ಕೇಳಿದ್ಯಲ್ಲ. ಹೇಗಿತ್ತು?”

“ಅಸಹ್ಯ.”

ಅವರು ಬಾಯಿತುಂಬ ನಕ್ಕರು. ಮುಂದಿನ ಒಂದು ಹಲ್ಲಿರಲಿಲ್ಲ. “ಕ್ಲಾಸಿನಲ್ಲಿ ಎಲ್ಲರೂ ಹಾಗೇ ಅಂದ್ರು. ಇವನೊಬ್ಬ ಇನ್ನೊಂದ್ ಸಲ ಹಾಕಿ ಅಂದ.”

ನನಗೆ ನಗು ಬರಲಿಲ್ಲ. ನನ್ನ ಕೂದಲಿನಿಂದ ಇನ್ನೂ ಅಮೋನಿಯಾ ಬರುತ್ತಿತ್ತು. ಮನೆಯಲ್ಲಿ ಆಗಸ್ಟಿನವರೆಗೆ ಬರುತ್ತದೆ. ದಿಂಬಿನ ಮೇಲೆ ತಿಗಣೆ ನಡೆಯುತ್ತದೆ, ಕಿಟಕಿಯ ಕಟ್ಟೆ ಒರೆಸಬೇಕಾಗುತ್ತದೆ.

“ವಾಸನೆ ತಡ್ಕೋತೀನಿ,” ಎಂದೆ. “ಮೇಲೆ ಅವು ಕೂಗೋದು ಕೇಳಿದ್ರೆ ಮಲಗೋಕಾಗಲ್ಲ. ಕೇಳ್ಸದೇ ಇದ್ರೆ ಮಲಗ್ತೀನಿ.”

ಅವರು ಕೈಯನ್ನು ಲಂಗಕ್ಕೆ ಒರೆಸಿಕೊಂಡು ಚಾಚಿದರು. ಟೇಪಿನ ಮೇಲಿನ ಹೆಸರು ಅವರ ಕಡೆ ಬರುವ ಹಾಗೆ ಡಬ್ಬಿಯನ್ನು ಅಂಗೈಯಲ್ಲಿಟ್ಟೆ.

“ಬ್ಯಾಟರಿ ಹೊಸದು,” ಎಂದೆ.